ಖಾಲಿ ಹೊಟ್ಟೆಯ ಡಾಕ್ಟರು

ಮೂಗಿನಿಂದ ಹೊಟ್ಟೆಗೆ ಇಳಿಸುವ ರಬ್ಬರ್ ನಳಿಗೆ ಯಾರದಾದರೂ ಗಂಟಲಲ್ಲಿ ತುಂಡಾಗಿ ಉಳಿಯಬಹುದಿತ್ತು. ಅಳತೆಯ ಗಾಜಿನ ಕೊಳವೆ ಶಿರಾಳಕೊಪ್ಪ ದಾಟುವಾಗ ಬಸ್ಸಿನ ಕುಲುಕಿಗೆ ಒಡೆಯಬಹುದಿತ್ತು. ಒಡೆದರೆ ಇನ್ನೊಂದಕ್ಕೆ ಮೇಲಿನ ಕಚೇರಿಗೆ ಬರೆದು, ಅವರು ಯಾಕೆ ಒಡೆಯಿತೆಂದು ಕೇಳಿ, ನಾವು ಸಮಜಾಯಿಷಿ ಕೊಟ್ಟು, ಅಷ್ಟರಲ್ಲಿ ಮಳೆಗಾಲ ಹಿಡಿದು ರೋಗಿಗಳೆಲ್ಲ ಗದ್ದೆಗೆ ಹೋಗಿಬಿಡಬಹುದಿತ್ತು. ಯಾರೋ ಒಬ್ಬ ನಳಿಗೆ ನುಂಗುವಾಗ ತಲೆ ತಿರುಗಿ ಬಿದ್ದು, ಅವನ ಅಣ್ಣತಮ್ಮಂದಿರು ನನ್ನನ್ನು ಹುಡುಕಿಕೊಂಡು ಬರಬಹುದಿತ್ತು. ಡಾಕ್ಟರಿಗೆ ವರ್ಗವಾಗಬಹುದಿತ್ತು. ನನಗೆ ವರ್ಗವಾಗಬಹುದಿತ್ತು. ಇಬ್ಬರಿಗೂ ಒಂದೇ ದಿನ ಬೇರೆ ಬೇರೆ ದಿಕ್ಕಿಗೆ ವರ್ಗವಾಗಬಹುದಿತ್ತು. ರಿಜಿಸ್ಟರಿಗೆ ಗೆದ್ದಲು ಹಿಡಿಯಬಹುದಿತ್ತು. ಹೊಟ್ಟೆಯ ರಸ ತೆಗೆದು ಮಿಲಿಟರಿಯವರಿಗೆ ಮಾರುತ್ತಾರಂತೆ ಎಂದು ಚಂದ್ರಗುತ್ತಿ ಕಡೆ ಸುದ್ದಿ ಹಬ್ಬಬಹುದಿತ್ತು.

ಇವನ್ನೆಲ್ಲ ನಾನು ಆಗಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ನನಗೆ ಅದೊಂದು ಚಾಳಿ. ಆಗಬಾರದ್ದನ್ನು ಮೊದಲೇ ಬರೆದಿಟ್ಟರೆ ಅದು ನಾಚಿಕೊಂಡು ಆಗದೆ ಉಳಿಯುತ್ತದೆ ಎಂಬ ನಂಬಿಕೆ. ನಂಬಿಕೆ ಸುಳ್ಳಾಗಲಿಲ್ಲ. ಎರಡು ವರ್ಷದಲ್ಲಿ ಹಾಳೆಯಲ್ಲಿದ್ದ ಒಂದೂ ಆಗಲಿಲ್ಲ. ಆದರೂ ಕೆಲಸ ಕೆಟ್ಟಿತು.

ಮೊನ್ನೆ ಶಿಕಾರಿಪುರದಲ್ಲಿ ಆ ಡಾಕ್ಟರಿಗೆ ಸಂತಾಪ ಸಭೆ ಮಾಡಿದರು. ತೀರಿಕೊಂಡದ್ದು ಬಯಲುಸೀಮೆಯ ಒಂದು ಊರಿನಲ್ಲಿ, ನೆಗಡಿ ಕೆಮ್ಮಿಗೆ ಔಷಧಿ ಕೊಡುವ ಸಾಧಾರಣ ಡಾಕ್ಟರಾಗಿ. ಇಲ್ಲಿ ಅವರಿದ್ದದ್ದು ಐವತ್ತರ ದಶಕದ ಕೊನೆಯಲ್ಲಿ ಮೂರು ವರ್ಷವಷ್ಟೆ. ಆದರೂ ನೆನಪಿಟ್ಟುಕೊಂಡವರು ಇದ್ದರು. ಒಬ್ಬರು ಎದ್ದು ಸೇವಾಮನೋಭಾವ ಎಂದರು. ಇನ್ನೊಬ್ಬರು ಸದಾ ಹಸನ್ಮುಖಿ ಎಂದರು. ಆ ಮನುಷ್ಯ ನಕ್ಕದ್ದನ್ನು ಮೂರು ವರ್ಷದಲ್ಲಿ ನಾನು ನಾಲ್ಕು ಸಲ ನೋಡಿದ್ದರೆ ಹೆಚ್ಚು. ಅವರೊಬ್ಬ ಸಂಶೋಧಕರಾಗಿದ್ದರು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಹೇಳಬೇಕಾದವನು ನಾನೊಬ್ಬನೇ. ಎದ್ದು ಮೈಕಿನ ಮುಂದೆ ಹೋಗಿ ನಿಂತೆ. ಮೈಕು ಶಾಕ್ ಹೊಡೆದರೆ ಎಂಬ ಯೋಚನೆ ಬಂತು. "ಅವರು ಸಮಯಪಾಲನೆಗೆ ಹೆಸರಾಗಿದ್ದರು" ಎಂದು ಹೇಳಿ ಇಳಿದುಬಿಟ್ಟೆ.

ಸಮಯಪಾಲನೆ! ಅಂದಿನಿಂದ ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂದಿದೆಯೆಂದರೆ, ಇದನ್ನು ಬರೆಯದೆ ಬೇರೆ ದಾರಿಯಿಲ್ಲ.

ನಾನಾಗ ಸೊರಬದಲ್ಲಿ ದಾಕು ಹಾಕುವ ಕೆಲಸದಲ್ಲಿದ್ದೆ. ಸಿಡುಬು ಬರದಂತೆ ತೋಳಿಗೆ ಚುಚ್ಚುವ ದಾಕು. ನನ್ನ ಸೈಕಲ್ಲು ಊರ ಬಾಗಿಲಲ್ಲಿ ಕಂಡರೆ ಸಾಕು, ತಾಯಂದಿರು ಮಕ್ಕಳನ್ನು ಬಣವೆಯ ಹಿಂದೆ ತಳ್ಳಿ, "ಮನೇಲಿ ಯಾರೂ ಇಲ್ಲ" ಎಂದು ಮನೆಯೊಳಗಿನಿಂದಲೇ ಕೂಗುತ್ತಿದ್ದರು. ಹೀಗಿರುವಾಗ ಒಂದು ಭಾನುವಾರ, ಶಿಕಾರಿಪುರದ ಆಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರು ನನ್ನ ಮನೆ ಹುಡುಕಿಕೊಂಡು ಬಂದರು. ಮೈಸೂರಿನ ಕಡೆಯವರು, ಮೂವತ್ತೈದರ ಆಸುಪಾಸು. ನಿಂತಾಗ ಎಡಗೈಯ ಎರಡು ಬೆರಳನ್ನು ತಮ್ಮ ಪಕ್ಕೆಲುಬಿನ ಕೆಳಗೆ ಒತ್ತಿಕೊಂಡು ನಿಲ್ಲುತ್ತಿದ್ದರು, ಓದುತ್ತಿದ್ದ ಪುಸ್ತಕದೊಳಗೆ ಬೆರಳಿಟ್ಟುಕೊಂಡವರ ಹಾಗೆ. ನಮಸ್ಕಾರ ಕೂಡ ಹೇಳದೆ ಕೇಳಿದರು.

"ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ?"

ಯಾರೋ ನನ್ನ ಮೇಲೆ ಅರ್ಜಿ ಹಾಕಿದ್ದಾರೆ, ಇದು ಇಲಾಖೆಯ ವಿಚಾರಣೆ ಎಂದುಕೊಂಡೆ. "ಅನ್ನ ಸಾರ್."

"ಯಾವ ಅನ್ನ?"

"ಬಿಸಿ ಅನ್ನ ಸಾರ್."

"ಬಿಸಿ ತಣ್ಣಗೆ ಅಲ್ಲ ಕಣ್ರೀ. ಕುಸುಬಲಕ್ಕಿಯೋ ಬೆಳ್ತಿಗೆ ಅಕ್ಕಿಯೋ?"

ಅವರ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ಶಿಕಾರಿಪುರದ ಕಡೆಯವರದು ಜೋಳದ ರೊಟ್ಟಿ. ಸೊರಬದ ಕಡೆಯವರದು ಮೂರು ಹೊತ್ತೂ ಅನ್ನ. ನಡುವೆ ಒಂದು ಬಸ್ಸಿನ ದಾರಿ. ಆದರೆ ಹೊಟ್ಟೆ ಹುಣ್ಣಿನ ನೋವು ಹೇಳಿಕೊಂಡು ಬರುವವರು ಅನ್ನದ ಕಡೆಯಿಂದಲೇ ಹೆಚ್ಚು ಎಂದು ಅವರಿಗೆ ಅನುಮಾನ. ಹಾಗಾದರೆ ಅನ್ನ ಉಣ್ಣುವವರ ಹೊಟ್ಟೆಯಲ್ಲಿ ಹುಳಿ, ಅಂದರೆ ಆಸಿಡ್ಡು, ಹೆಚ್ಚಿರಬೇಕು. ಎರಡೂ ಕಡೆಯವರ ಹೊಟ್ಟೆಯ ರಸ ತೆಗೆದು ಅಳೆದು ನೋಡಿದರೆ ಗೊತ್ತಾಗುತ್ತದೆ.

ಹೊಟ್ಟೆಗೇ ಒಬ್ಬ ಬೇರೆ ಡಾಕ್ಟರು ಎಂಬುದು ಆಗ ಯಾರೂ ಕೇಳರಿಯದ ಮಾತು. ಶಿಕಾರಿಪುರದ ವಾರ್ಡಿನಲ್ಲಿ ಮಲಗಿದ್ದ ಬಳ್ಳಿಗಾವಿಯ ರೈತನೊಬ್ಬ ನನ್ನನ್ನೇ ಕೇಳಿದ್ದ: "ಹೊಟ್ಟಿಗೊಬ್ಬ ಡಾಕ್ಟ್ರು ಅಂದ್ರ, ನಾಳೆ ಬೆನ್ನಿಗೊಬ್ಬ ಬರ್ತಾನೇನ್ರೀ? ನಡುವಿನ ಸೊಂಟ ಯಾರ ಪಾಲಿಗ್ರೀ?"

ಆದರೆ ಬೆಂಗಳೂರಿನಲ್ಲಿ ಒಬ್ಬ ದೊಡ್ಡ ಪ್ರೊಫೆಸರರಿದ್ದರು, ನಮ್ಮ ಡಾಕ್ಟರ ಗುರುಗಳು. ಹೊಟ್ಟೆಯ ಕಾಯಿಲೆಗಳಿಗೆಂದೇ ಅಲ್ಲೊಂದು ವಿಭಾಗ ತೆರೆಯುವ ಆಸೆ ಅವರಿಗೆ. ಅದರಲ್ಲಿ ಒಂದು ಜಾಗ ಕೊಡಿಸುತ್ತೇನೆ, ಆದರೆ ಬರಿಗೈಯಲ್ಲಿ ಬರಬೇಡ, ಏನಾದರೂ ಕಂಡುಹಿಡಿದುಕೊಂಡು ಬಾ, ನಾನು ನಿವೃತ್ತನಾಗುವುದರೊಳಗೆ ಬಾ ಎಂದಿದ್ದರಂತೆ. ಬದುಕಿಡೀ ಹೊಟ್ಟೆಯನ್ನೇ ಓದಬೇಕೆಂದುಕೊಂಡ ಮನುಷ್ಯನಿಗೆ ಅದೊಂದೇ ಬಾಗಿಲು. ಇಲ್ಲದಿದ್ದರೆ ಮಾಮೂಲಿ ಸರ್ಕಾರಿ ಡಾಕ್ಟರಿಕೆ: ಬೆಳಗ್ಗೆ ಜ್ವರ, ಮಧ್ಯಾಹ್ನ ಹೆರಿಗೆ, ಸಂಜೆ ಗಾಯದ ಸರ್ಟಿಫಿಕೇಟು.

ನನ್ನನ್ನು ಹುಡುಕಿದ್ದು ಇದಕ್ಕೆ. ಶಿಕಾರಿಪುರದಲ್ಲಿ ಆಸ್ಪತ್ರೆಯ ಹಾಸಿಗೆಗಳಿದ್ದವು. ರೋಗಿಯನ್ನು ಹಿಂದಿನ ಸಂಜೆಯೇ ಸೇರಿಸಿಕೊಂಡು, ಉಪವಾಸ ಮಲಗಿಸಿ, ಬೆಳಗ್ಗೆ ಎದ್ದ ಕೂಡಲೇ ರಸ ತೆಗೆಯಬಹುದಿತ್ತು. ಸೊರಬದಲ್ಲಿ ಆ ಅನುಕೂಲವಿಲ್ಲ. ಹಳ್ಳಿಗಳು ನನಗೆ ಗೊತ್ತು. ನನ್ನ ಬಾಡಿಗೆ ಮನೆಗೆ ಮುಂದೊಂದು ಜಗಲಿ, ಅದಕ್ಕೆ ಅಂಟಿಕೊಂಡು ಒಂದು ಕೋಣೆ. ತಿಂಗಳಿಗೆ ಎರಡು ಸಲ ಡಾಕ್ಟರು ಬಂದು ಕೋಣೆಯಲ್ಲಿ ಕೂರುವುದು; ನಾನು ಹೊಟ್ಟೆನೋವಿನವರನ್ನು ಗೊತ್ತುಮಾಡಿ ಬೆಳಗಾಗುವಷ್ಟರಲ್ಲಿ ಜಗಲಿಗೆ ಬರಿಸಿ, ಹೆಸರು ಬರೆದುಕೊಂಡು, ಒಬ್ಬೊಬ್ಬರನ್ನೇ ಒಳಗೆ ಕಳಿಸುವುದು.

ಮೊದಲ ನಳಿಗೆ ನನ್ನ ಮೂಗಿಗೇ ಇಳಿಯಿತು. ನನಗೂ ಹುಣ್ಣಾಗಿದೆ ಎಂದು ನಾನೇ ಹೇಳಿಕೊಂಡಿದ್ದೆ. ದಿನಾ ರಾತ್ರಿ ಎದೆ ಉರಿ, ಬೆಳಗ್ಗೆ ಹೊಟ್ಟೆ ಭಾರ. ಕಣ್ಣಲ್ಲಿ ನೀರು ಸುರಿಸುತ್ತ ನುಂಗಿದೆ. ಅವರು ರಸ ಎಳೆದು, ಗಾಜಿನ ಕೊಳವೆಯಿಂದ ಔಷಧಿ ಹನಿಸಿ, ಬಣ್ಣ ಗುಲಾಬಿಗೆ ತಿರುಗುವವರೆಗೆ ಹನಿ ಎಣಿಸಿ, ತಲೆಯೆತ್ತಿ ನೋಡಿದರು.

"ನಿಮ್ಮ ಹೊಟ್ಟೆ ಪಠ್ಯಪುಸ್ತಕದಲ್ಲಿ ಹಾಕೋ ಹಾಗಿದೆ. ಹುಣ್ಣಾಗಿರೋದು ನಿಮ್ಮ ತಲೇಲಿ."

ಸಂತೋಷವಾಗಬೇಕಿತ್ತು. ಆದರೆ ಅವರ ಅಳತೆಯೇ ತಪ್ಪಿದ್ದರೆ ಎಂದು ವಾರಗಟ್ಟಲೆ ಯೋಚಿಸಿದೆ.

ಅವರ ಜೊತೆ ಎಲ್ಲಿಗಾದರೂ ಹೋಗುವುದು ಶಿಕ್ಷೆ. ಬಸ್ಸಿನಲ್ಲಿ ಪಕ್ಕದವನ ಹೆಸರು ಕೇಳುವ ಮೊದಲು ಬೆಳಗಿನ ತಿಂಡಿ ಕೇಳುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ತಮ್ಮ ಎಲೆ ಬಿಟ್ಟು ಎದುರಿನ ಎಲೆ ನೋಡುತ್ತ, ಯಾರು ಮಜ್ಜಿಗೆಗೆ ಎಷ್ಟು ಉಪ್ಪು ಹಾಕಿಕೊಂಡರೆಂದು ಮಣಿಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗೀಚಿಕೊಳ್ಳುತ್ತಿದ್ದರು. ಜನರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ. "ಆ ಹಸಿಮೆಣಸಿನಕಾಯಿ ಮನುಷ್ಯ", "ತಂಗಳನ್ನದ ತಾಯಿ" ಹೀಗೆ. ಒಮ್ಮೆ ಬಸ್ ನಿಲ್ದಾಣದಲ್ಲಿ ಒಬ್ಬಾತ ತನ್ನ ದಾಯಾದಿಯ ಹೊಸ ಜೋಡಿ ಎತ್ತು ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದು ಯಾರಿಗೋ ಹೇಳುತ್ತಿದ್ದ. ಇವರು ಧಾವಿಸಿ ಹೋಗಿ, "ಊಟಕ್ಕೆ ಮುಂಚೆ ಉರಿಯುತ್ತೋ, ಆಮೇಲೋ?" ಎಂದು ಕೇಳಿದರು. ಆತ, "ಅವನು ಎತ್ತು ಹೊಡ್ಕೊಂಡು ಹೋದಾಗೆಲ್ಲ ಉರೀತದೆ ಸ್ವಾಮಿ" ಎಂದ. ಅದನ್ನೂ ಬರೆದುಕೊಂಡರು.

ಸಿಟ್ಟು ಬಂದಾಗ ಬಯ್ಯುತ್ತಿರಲಿಲ್ಲ, ಕಾಗದ ಬರೆಯುತ್ತಿದ್ದರು. ಇನ್ನೆರಡು ರಬ್ಬರ್ ನಳಿಗೆ ಬೇಕೆಂದು ಮೇಲಿನ ಕಚೇರಿಗೆ ಬರೆದರೆ, ಈ ಕೆಲಸಕ್ಕೆ ನಿಮಗೆ ಅನುಮತಿ ಕೊಟ್ಟವರು ಯಾರು ಎಂದು ಉತ್ತರ ಬಂತು. "ರೋಗಿಗಳು" ಎಂದು ಒಂದೇ ಪದ ಬರೆದು ಕಳಿಸಿದರು. ಆ ಲಕೋಟೆಯನ್ನು ಅಂಚೆಗೆ ಹಾಕಿ ಬಂದ ನಾನು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಳಿಗೆ ಬರಲಿಲ್ಲ. ಒಂದೇ ನಳಿಗೆಯನ್ನು ಕುದಿಸಿ ಕುದಿಸಿ ಎರಡು ವರ್ಷ ನಡೆಸಿದೆವು.

"ಬಾಯಿ ಸುಳ್ಳು ಹೇಳ್ತದೆ, ಹೊಟ್ಟೆ ಹೇಳಲ್ಲ" ಎಂಬುದು ಅವರ ಮಾತು. ಹಾಗಾಗಿ ಉಪವಾಸದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ರಾತ್ರಿ ಉಂಡ ಮೇಲೆ ರಸ ತೆಗೆಯುವವರೆಗೆ ಏನೂ ಕೂಡದು. ನಾನು ಅವರಿಗಿಂತ ಕಟ್ಟುನಿಟ್ಟು. ದಾರಿಯಲ್ಲಿ ಕವಳ ಹಾಕಿಕೊಂಡು ಕೆಂಪು ಬಾಯಲ್ಲಿ ಬಂದ ಒಬ್ಬನನ್ನು ನಾಲ್ಕು ಮೈಲಿ ವಾಪಸು ನಡೆಸಿದ್ದೇನೆ. ಬಾಳೆಹಣ್ಣು ತಿಂದೆ ಎಂದು ಒಪ್ಪಿಕೊಂಡ ಮುದುಕನಿಗೆ, "ಸರ್ಕಾರದ ಕೆಲಸ ಅಂದ್ರೆ ತಮಾಷೆ ಮಾಡ್ಕಂಡ್ಯಾ?" ಎಂದು ಗದರಿದ್ದೇನೆ. ಅವನು ತಣ್ಣಗೆ, "ತಮಾಷೆ ಅಲ್ಲ ಮಾರಾಯ್ರೇ, ಹಸಿವೆ" ಎಂದ.

ಎರಡನೆಯ ವರ್ಷದ ಬೇಸಗೆಗೆ ರಿಜಿಸ್ಟರು ತುಂಬಿತು. ಡಾಕ್ಟರು ಎರಡೂ ಕಡೆಯ ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿದರು. ನಾನು ಅವರ ನಗು ಕಂಡ ನಾಲ್ಕು ಸಲದಲ್ಲಿ ಅದೊಂದು. ಅವರು ಅಂದುಕೊಂಡದ್ದು ಪೂರಾ ತಲೆಕೆಳಗಾಗಿತ್ತು. ನೋವು ಹೆಚ್ಚಿದ್ದ ಸೊರಬದವರ ಹೊಟ್ಟೆಯಲ್ಲಿ ಹುಳಿ ಕಡಿಮೆ! ಶಿಕಾರಿಪುರದವರಿಗಿಂತ ತೀರಾ ಕಡಿಮೆ. ಜೊತೆಗೆ ಸೊರಬದ ರಸಕ್ಕೆ ತಿಳಿಯಾದ ಒಂದು ಕಂದು ಬಣ್ಣ ಬೇರೆ. ಅದು ಪಿತ್ತವೇ ಇರಬೇಕು, ಅನ್ನ ಉಣ್ಣುವವರಲ್ಲಿ ಪಿತ್ತ ಹಿಮ್ಮುಖವಾಗಿ ಹರಿದು ಹುಳಿಯನ್ನು ಮುರಿಯುತ್ತಿರಬೇಕು ಎಂದು ಒಂಬತ್ತು ಪುಟ ಬರೆದು ಪ್ರೊಫೆಸರರಿಗೆ ಕಳಿಸಿದರು.

"ಪುಸ್ತಕದಲ್ಲಿ ಇದು ಎಲ್ಲೂ ಇಲ್ಲ ಕಣ್ರೀ" ಎಂದರು. "ಎಲ್ಲೂ ಇಲ್ಲ!"

"ಇಲ್ಲದೆ ಇರೋದು ಒಳ್ಳೇದಾ ಸಾರ್?" ಎಂದು ಕೇಳಿದೆ. ನನ್ನ ಸ್ವಭಾವಕ್ಕೆ ಸಹಜವಾದ ಪ್ರಶ್ನೆ.

ಪ್ರೊಫೆಸರರಿಂದ ಉತ್ತರ ಬಂತು. ಇದು ನಿಜವಾದರೆ ದೊಡ್ಡದು, ನಂಬುವುದು ಕಷ್ಟ, ಸೊರಬದ ಹಳೆಯ ರೋಗಿಗಳಲ್ಲಿ ಕೆಲವರನ್ನು ಇನ್ನೊಮ್ಮೆ ಅಳೆದು ನೋಡು, ಅದೇ ಬಂದರೆ ಹೊರಟು ಬಾ, ಜಾಗ ಕಾದಿರಿಸಿದ್ದೇನೆ, ಆದರೆ ತಿಂಗಳ ಕೊನೆಗೆ ನನ್ನ ನಿವೃತ್ತಿ. ಡಾಕ್ಟರು ಟ್ರಂಕು ಕಟ್ಟಿಯೇ ಸೊರಬಕ್ಕೆ ಬಂದರು. ಅಳೆದು ಮುಗಿಸಿ, ಇಲ್ಲಿಂದಲೇ ಸಾಗರಕ್ಕೆ ಹೋಗಿ ಬೆಂಗಳೂರಿನ ರೈಲು ಹಿಡಿಯುವುದು. ಟ್ರಂಕು ನಮ್ಮ ನಡುಮನೆಯಲ್ಲಿತ್ತು. ಅದರ ಮೇಲೆ ಹಲ್ಲಿ ಬಿದ್ದರೆ ಅಪಶಕುನವೆಂದು ನಾನು ಮೇಲೊಂದು ಚಾಪೆ ಹೊದಿಸಿದ್ದೆ.

ಬೆಳಗ್ಗೆ ಜಗಲಿಯಲ್ಲಿ ಏಳೆಂಟು ಜನ ಕೂತಿದ್ದರು. ಮೊದಲು ಒಳಗೆ ಹೋದವಳು ಕುಪ್ಪಗಡ್ಡೆಯ ಒಬ್ಬ ಅಜ್ಜಿ. ಹೋದ ವರ್ಷವೂ ನಳಿಗೆ ನುಂಗಿ ಹೋದವಳು, ಮಾತಿನ ಮಲ್ಲಿ. ಬಾಗಿಲು ಅರ್ಧ ತೆರೆದಿತ್ತು; ಮಾತು ನನಗೆ ಕೇಳಿಸುತ್ತಿತ್ತು.

"ಅಜ್ಜೀ, ರಾತ್ರಿಯಿಂದ ಬಾಯಿಗೆ ಏನೂ ಹಾಕ್ಕೊಂಡಿಲ್ಲ ತಾನೆ?"

"ಎಂತದೂ ಇಲ್ಲ. ಹೊಟ್ಟೆ ಬೆನ್ನಿಗೆ ಅಂಟಿದೆ, ಮುಟ್ಟಿ ನೋಡು ಬೇಕಾರೆ."

"ತಲೆ ಸ್ವಲ್ಪ ಮೇಲೆತ್ತಿ."

"ತಡಿ ಮಾರಾಯ. ಹಲ್ಲಿನ ಸಂದೀಲಿ ಬೆಲ್ಲ ಸಿಕ್ಕಿದೆ, ತಕ್ಕಳ್ತೀನಿ."

ಒಳಗೆ ನಳಿಗೆಯನ್ನು ಬೋಗುಣಿಗೆ ಇಟ್ಟ ಸದ್ದಾಯಿತು.

"ಯಾವ ಬೆಲ್ಲ?"

"ಯಾವ ಬೆಲ್ಲ ಅಂದ್ರೆ? ದಾಕಿನ ಸ್ವಾಮಿ ಕೊಟ್ಟಿದ್ದು. ಈ ಸಲದ್ದು ಕಲ್ಲಾಗಿದೆ. ಹೋದ ವರ್ಷದ್ದು ಚಲೋ ಇತ್ತು."

"ಹೋದ ವರ್ಷಾನೂ ಕೊಟ್ಟಿದ್ರಾ?"

"ಮನೆ ಬಾಗಿಲಿಗೆ ಬಂದೋರಿಗೆ ಕೊಡದೆ ಇರ್ತಾರಾ? ಎಂತ ಕೇಳ್ತೀಯೋ ತಮ್ಮಾ."

"ಏನೂ ಹಾಕ್ಕೊಂಡಿಲ್ಲ ಅಂದ್ರಲ್ಲ ಅಜ್ಜಿ!"

"ಇದನ್ನೂ ಒಂದು ಲೆಕ್ಕಕ್ಕೆ ಹಿಡೀತಾರಾ? ನಡೆದು ಬಂದಿದ್ದಕ್ಕೆ ಆಸರಿಗೆ ಅಷ್ಟೇ. ಬೆಲ್ಲ ಕಚ್ಚಿ ಒಂದು ಚೊಂಬು ನೀರು ಕುಡಿದೆ. ಉಪವಾಸ ಇದ್ದಿದ್ದು ಇದ್ದಂಗೇ ಇದೆ."

ನಾನು ಹೊರಗೆ ಮುಂದಿನವನಿಗೆ ಬೆಲ್ಲ ಕುಟ್ಟುತ್ತಿದ್ದೆ. ಕೈ ಹಾಗೇ ನಿಂತಿತು. ಡಾಕ್ಟರು ಬಾಗಿಲಿಗೆ ಬಂದರು. ತಟ್ಟೆ ನೋಡಿದರು, ಚೊಂಬು ನೋಡಿದರು, ಜಗಲಿಯಲ್ಲಿ ಸಾಲಾಗಿ ಕೂತವರ ಬಾಯಿ ನೋಡಿದರು. ಕೊನೆಗೆ ನನ್ನನ್ನು.

"ಎಲ್ಲರಿಗೂ?"

"ಎಲ್ಲರಿಗೂ ಸಾರ್. ಮೊದಲನೇ ದಿನದಿಂದ. ಒಬ್ಬರನ್ನೂ ಬಿಟ್ಟಿಲ್ಲ." ದೇವರಾಣೆಗೂ ಹೇಳುತ್ತೇನೆ, ನನ್ನ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಬಡವ ಬಲ್ಲಿದ ಎಂದು ಭೇದ ಮಾಡಿರಲಿಲ್ಲವಲ್ಲ. ನನ್ನ ಸೈಕಲ್ಲು ಕಂಡರೆ ಓಡಿಹೋಗುತ್ತಿದ್ದ ಜನ ತಾವಾಗಿ ನನ್ನ ಮನೆಗೆ ನಡೆದು ಬಂದಿದ್ದರು. ಅವರನ್ನು ಬರಿಬಾಯಲ್ಲಿ ಕೂರಿಸುವುದು ಹೇಗೆ?

ಅವರು ಚೊಂಬನ್ನು ಎತ್ತಿಕೊಂಡು ಒಳಗೆ ಹೋಗಿ, ಅಳತೆಯ ಗಾಜಿಗೆ ನೀರು ಸುರಿದು ನೋಡಿದರು. ಎಲ್ಲರೂ ಒಂದೇ ಅಳತೆ ಕುಡಿದಿದ್ದರೆ ಆ ನೀರನ್ನು ಕಳೆದು ಹುಳಿಯ ಲೆಕ್ಕ ಹಾಕಬಹುದೆಂಬ ಒಂದು ಆಸೆ ಉಳಿದಿತ್ತೆಂದು ಕಾಣುತ್ತದೆ. "ಒಬ್ಬೊಬ್ಬರು ಎಷ್ಟು ಕುಡೀತಾರೆ? ಒಂದೇ ಸಮ ಕುಡೀತಾರಾ?"

"ಬಾಯಾರಿಕೆ ಎಷ್ಟೋ ಅಷ್ಟು ಸಾರ್. ಕೆಲವರು ಎರಡು ಚೊಂಬು."

ಗಾಜನ್ನು ಕೆಳಗಿಟ್ಟರು. ಒಂಬತ್ತು ಪುಟ ಬರೆಸಿದ ಆ ಕಂದು ಬಣ್ಣ ಏನೆಂದು ಈಗ ಇಬ್ಬರಿಗೂ ಗೊತ್ತಾಗಿತ್ತು.

ನಾನು ಒಳಗೆ ಹೋಗಿ, ಅಜ್ಜಿಯನ್ನು ಜಗಲಿಗೆ ಕಳಿಸಿ, ಬಾಗಿಲು ಮುಂದಕ್ಕೆ ಮಾಡಿದೆ. "ಸಾರ್, ಬೆಂಗಳೂರಿನವರಿಗೆ ಇದು ಗೊತ್ತಾಗೋ ಹಾಗೇ ಇಲ್ಲ. ಟ್ರಂಕು ರೆಡಿ ಇದೆ. ಹೊರಟುಬಿಡಿ. ವಿಭಾಗಕ್ಕೆ ಸೇರಿದ ಮೇಲೆ ಎಲ್ಲಾ ಮೊದಲಿಂದ ಸರಿಯಾಗಿ ಮಾಡಬಹುದು."

ಅವರು ಆ ಎರಡು ಬೆರಳನ್ನು ಪಕ್ಕೆಲುಬಿನ ಕೆಳಗೆ ಒತ್ತಿಕೊಂಡರು. ಹೂಂ ಎನ್ನುತ್ತಾರೆ ಎಂದೇ ನಾನು ತಿಳಿದೆ. ಇವತ್ತಿಗೂ ಅನ್ನಬೇಕಿತ್ತು ಎನಿಸುತ್ತದೆ.

"ಇದನ್ನ ಯಾರಾದ್ರೂ ಡಾಕ್ಟ್ರು ಓದ್ತಾರೆ ಕಣ್ರೀ" ಎಂದರು. "ಓದಿ, ಅನ್ನ ತಿನ್ನೋರ ಹೊಟ್ಟೇಲಿ ಹುಳಿ ಸಾಲದು ಅಂತ ಹುಳಿ ಔಷಧಿ ಕುಡಿಸ್ತಾರೆ. ಹುಣ್ಣಿನ ಮೇಲೆ ಆಸಿಡ್ಡು. ಈ ಅಜ್ಜಿಗೇ ಕುಡಿಸ್ತಾರೆ."

"ಹಾಗಾದ್ರೆ ನನಗೆ ಬಯ್ಯಿರಿ ಸಾರ್."

"ಏನಂತ ಬಯ್ಯಲಿ? ಮೊದಲನೇ ದಿನ ಬಂದಾಗ ನನಗೂ ಕೊಟ್ಟಿದ್ರಿ. ತಿಂದು, ನೀರು ಕುಡಿದು, ಬಾಯಿ ಒರೆಸ್ಕೊಂಡು ಒಳಗೆ ಬಂದು ಉಪವಾಸದ ಬಗ್ಗೆ ಭಾಷಣ ಮಾಡ್ದೆ."

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅದನ್ನೂ ಮಾಡಲಿಲ್ಲ ಆ ಮನುಷ್ಯ.

ರಿಜಿಸ್ಟರು ತೆರೆದರು. ರೂಲುದೊಣ್ಣೆಯ ಒಂದು ತುದಿಯನ್ನು ನಾನು ಹಿಡಿದುಕೊಂಡೆ. ಅವರು ಸೊರಬದ ಒಂದೊಂದೇ ಪುಟಕ್ಕೂ ಮೂಲೆಯಿಂದ ಮೂಲೆಗೆ ಗೀಟು ಎಳೆದರು. ಕವಳದವನನ್ನು ವಾಪಸು ಕಳಿಸಿದ ದಿನದ ಪುಟ ಬಂತು. ಅದಕ್ಕೂ ಎಳೆದರು. ಮಧ್ಯೆ ಅಜ್ಜಿ ಇಣುಕಿ, "ನಳಿಗೆ ಇಲ್ವಾ ಇವತ್ತು?" ಎಂದಳು. ಇಲ್ಲ ಎಂದೆ. "ಒಳ್ಳೇದಾಯ್ತು ಬಿಡು" ಎಂದು ಹೊಟ್ಟೆನೋವಿಗೆ ಬಿಳಿ ಪುಡಿ ಇಸಿದುಕೊಂಡು ಹೋದಳು.

ಅದೇ ಮಧ್ಯಾಹ್ನ ಪ್ರೊಫೆಸರರಿಗೆ ಕಾಗದ ಬರೆದರು. "ಸೊರಬದ ರೋಗಿಗಳು ಉಪವಾಸವಿರಲಿಲ್ಲ, ನೋಡಿಕೊಳ್ಳಬೇಕಾದವನು ನಾನು, ನೋಡಿಕೊಳ್ಳಲಿಲ್ಲ", ಇಷ್ಟೇ. ಬೆಲ್ಲ ಕೊಟ್ಟ ನನ್ನ ಹೆಸರು ಅದರಲ್ಲಿರಲಿಲ್ಲ. ಅಂಚೆಪೆಟ್ಟಿಗೆಯ ಮುಂದೆ ಆ ಲಕೋಟೆ ಹಿಡಿದು ನಾನು ಎಷ್ಟು ಹೊತ್ತು ನಿಂತಿದ್ದೆನೆಂದು ಯಾರಿಗೂ ಹೇಳಿಲ್ಲ. ಕೊನೆಗೆ ಹಾಕಿದೆ. ತಲುಪಬೇಕಾದಲ್ಲಿಗೆ ಸರಿಯಾಗಿ ತಲುಪಿತು. ಪ್ರೊಫೆಸರರು ಹೇಳಿದ ದಿನಕ್ಕೆ ಸರಿಯಾಗಿ ನಿವೃತ್ತರಾದರು, ಕಾದಿರಿಸಿದ ಜಾಗಕ್ಕೆ ಬೇರೆ ಯಾರೋ ಸರಿಯಾಗಿಯೇ ಸೇರಿಕೊಂಡರು, ಡಾಕ್ಟರು ಟ್ರಂಕು ಹೊತ್ತುಕೊಂಡು ಶಿಕಾರಿಪುರದ ಬಸ್ಸು ಹತ್ತಿದರು, ಬಸ್ಸೂ ಸರಿಯಾದ ವೇಳೆಗೆ ಹೊರಟಿತು. ಎಲ್ಲವೂ ಸರಿಯಾಗಿಯೇ ನಡೆಯಿತು. ಕೆಟ್ಟದ್ದು ಇಷ್ಟೇ: ಉಪವಾಸ ನಡೆದು ಬಂದ ಒಬ್ಬೊಬ್ಬರಿಗೂ, ಎರಡು ವರ್ಷ, ನನ್ನ ಕೈಯಾರೆ, ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು.